ವಿದ್ಯೆಗಳು ಎಷ್ಟು? ಕೋಡಿಯಮಠದಿಂದ ಇಂದಿನ ವಿಶ್ವವಿದ್ಯಾಲಯದವರೆಗೆ

ಪ್ರತಿವರ್ಷ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಮಠಕ್ಕೆ ಬರುವ ಭಕ್ತರು ತಮ್ಮ ಮಕ್ಕಳನ್ನು ಮುಂದೆ ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: "ಬುದ್ಧಿ, ಇವನಿಗೆ ಯಾವ ಕೋರ್ಸು ಕೊಡಿಸೋಣ?" ಪ್ರಶ್ನೆ ಸರಳವಾಗಿ ತೋರುತ್ತದೆ. ಆದರೆ ಅದರ ಹಿಂದೆ ಇನ್ನೊಂದು ಹಳೆಯ ಪ್ರಶ್ನೆ ಅಡಗಿದೆ. ವಿದ್ಯೆಗಳು ಒಟ್ಟು ಎಷ್ಟು? ಅವುಗಳಲ್ಲಿ ಯಾವುದಕ್ಕೆ ಯಾವ ಸ್ಥಾನ? ಒಂದನ್ನು ಕಲಿತವನಿಗೆ ಮತ್ತೊಂದರ ಅಗತ್ಯವಿದೆಯೇ, ಇಲ್ಲವೇ? ಈ ಪ್ರಶ್ನೆಗೆ ಒಂದೊಂದು ಕಾಲವು ಒಂದೊಂದು ಉತ್ತರವನ್ನು ಕೊಟ್ಟಿದೆ. ಆ ಉತ್ತರಗಳ ಇತಿಹಾಸವನ್ನು ನಮ್ಮ ನಾಡಿನ ಮಟ್ಟಿಗಾದರೂ ತಿಳಿದುಕೊಳ್ಳುವುದು ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇವೆ.

1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದನ್ನು ಪರಿಶೀಲಿಸುತ್ತಿದ್ದಾಗ ಕೌಟಿಲ್ಯನ ಅರ್ಥಶಾಸ್ತ್ರವು ದೊರೆಯಿತೆಂಬುದು ವಿದ್ವಲ್ಲೋಕಕ್ಕೆ ವಿದಿತವೇ ಇದೆ. 1909ರಲ್ಲಿ ಅದು ಅಚ್ಚಾಯಿತು. ಆ ಗ್ರಂಥವು ತನ್ನ ಆರಂಭದಲ್ಲಿಯೇ ಎತ್ತಿಕೊಳ್ಳುವ ವಿಚಾರ ವಿದ್ಯೆಗಳ ಸಂಖ್ಯೆಯದು. ತ್ರಯಿ, ವಾರ್ತೆ, ದಂಡನೀತಿ ಎಂದು ವಿದ್ಯೆಗಳು ಮೂರೇ ಎಂಬುದು ಮಾನವರ ಪಕ್ಷ. ವಾರ್ತೆ ಮತ್ತು ದಂಡನೀತಿಗಳೆರಡೇ ಸಾಕು ಎಂಬುದು ಬಾರ್ಹಸ್ಪತ್ಯರ ಪಕ್ಷ. ದಂಡನೀತಿಯೊಂದೇ ವಿದ್ಯೆ, ಉಳಿದುದೆಲ್ಲ ಅದರಲ್ಲಿಯೇ ಅಡಕ ಎಂಬುದು ಔಶನಸರ ಪಕ್ಷ. ಕೌಟಿಲ್ಯನು ಇವಾವುದನ್ನೂ ಒಪ್ಪದೆ, ಆನ್ವೀಕ್ಷಿಕಿಯನ್ನೂ ಸೇರಿಸಿ ವಿದ್ಯೆಗಳು ನಾಲ್ಕು ಎನ್ನುತ್ತಾನೆ. ವಾರ್ತೆಯೆಂದರೆ ಕೃಷಿ, ಪಶುಪಾಲನೆ, ವಾಣಿಜ್ಯ. ಆನ್ವೀಕ್ಷಿಕಿಯೆಂದರೆ ಯುಕ್ತಿಯಿಂದ ವಿಚಾರಮಾಡುವ ಶಾಸ್ತ್ರ. ಸಾಂಖ್ಯ ಮತ್ತು ಯೋಗಗಳ ಜೊತೆಗೆ ಲೋಕಾಯತವನ್ನೂ ಅದರಲ್ಲಿ ಅವನು ಎಣಿಸಿದ್ದಾನೆ. ಉಳಿದ ವಿದ್ಯೆಗಳಿಗೆ ಬೆಳಕು ಸಿಗುವುದು ಈ ವಿಚಾರಶಾಸ್ತ್ರದಿಂದಲೇ ಎಂಬುದು ಅವನ ನಿಲುವು. ರಾಜ್ಯವಾಳುವವನಿಗೆ ಉಪಯೋಗಕ್ಕೆ ಬರುವುದನ್ನಷ್ಟೇ ಕಲಿಸಿದರೆ ಸಾಲದೇ ಎಂಬ ವಾದವು ಎರಡು ಸಾವಿರ ವರ್ಷಗಳ ಹಿಂದೆಯೇ ಎದ್ದಿತ್ತು. ಸಾಲದು ಎಂಬ ಉತ್ತರವೂ ಆಗಲೇ ದೊರೆತಿತ್ತು.

ಮುಂದೆ ಈ ಸಂಖ್ಯೆ ಬೆಳೆಯಿತು. ನಾಲ್ಕು ವೇದ, ಆರು ವೇದಾಂಗ, ಪುರಾಣ, ನ್ಯಾಯ, ಮೀಮಾಂಸೆ, ಧರ್ಮಶಾಸ್ತ್ರಗಳು ಕೂಡಿ ಹದಿನಾಲ್ಕು ವಿದ್ಯೆಗಳಾದವು. ಇವಕ್ಕೆ ಆಯುರ್ವೇದ, ಧನುರ್ವೇದ, ಗಾಂಧರ್ವವೇದ, ಅರ್ಥಶಾಸ್ತ್ರಗಳು ಸೇರಿ ಹದಿನೆಂಟಾದವು. ಏಳನೆಯ ಶತಮಾನದಲ್ಲಿ ನಾಲಂದಾಕ್ಕೆ ಬಂದ ಚೀನೀ ಯಾತ್ರಿಕ ಹ್ಯುಎನ್‌ತ್ಸಾಂಗನು ಅಲ್ಲಿ ಬೌದ್ಧಶಾಸ್ತ್ರಗಳ ಜೊತೆಗೆ ವೇದ, ಹೇತುವಿದ್ಯೆ, ಶಬ್ದವಿದ್ಯೆ, ಚಿಕಿತ್ಸಾವಿದ್ಯೆ, ಸಾಂಖ್ಯಗಳನ್ನೂ ಅಭ್ಯಾಸಮಾಡುತ್ತಿದ್ದರೆಂದು ತಿಳಿಸುತ್ತಾನೆ. ಪರಪಕ್ಷದ ಶಾಸ್ತ್ರವನ್ನು ಓದದೆ ಸ್ವಪಕ್ಷವನ್ನು ಸ್ಥಾಪಿಸುವುದು ಅಂದಿನ ವಾದಸಭೆಗಳಲ್ಲಿ ಸಾಧ್ಯವಿರಲಿಲ್ಲ. ವಿಷಯವೈವಿಧ್ಯವು ಆ ಕಾಲದ ವಿದ್ವಾಂಸನಿಗೆ ಅಲಂಕಾರವಾಗಿರದೆ ಅಗತ್ಯವೇ ಆಗಿತ್ತು.

ಶಾಸನಗಳು ಹೇಳುವ ಪಠ್ಯಕ್ರಮ

ಕನ್ನಡನಾಡಿನ ಉನ್ನತ ವಿದ್ಯಾಕೇಂದ್ರಗಳ ವಿಚಾರದಲ್ಲಿ ನಮಗೆ ಊಹೆಯ ಆಶ್ರಯ ಬೇಕಾಗಿಲ್ಲ. ಕಲ್ಲೇ ಮಾತನಾಡುತ್ತದೆ. ವಿಜಯಪುರ ಜಿಲ್ಲೆಯ ಸಾಲೋಟಗಿಯ 945ರ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅಲ್ಲಿಯ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರ ವಾಸಕ್ಕಾಗಿ 27 ಮನೆಗಳು ಬೇಕಾಗಿದ್ದವು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಚಾಳುಕ್ಯ ಒಂದನೆಯ ಸೋಮೇಶ್ವರನ ಕಾಲದ ಘಟಿಕಾಸ್ಥಾನವಿತ್ತು. ಅದರ 1058ರ ಶಾಸನವು ವೇದಾಧ್ಯಯನಕ್ಕೆ 200 ಮತ್ತು ಶಾಸ್ತ್ರಾಧ್ಯಯನಕ್ಕೆ 52 ವಿದ್ಯಾರ್ಥಿಗಳು, ವೇದಕ್ಕೆ ಮೂವರು ಮತ್ತು ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು ಎಂದು ಲೆಕ್ಕ ಕೊಡುತ್ತದೆ. ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಭಂಡಾರವನ್ನು ನೋಡಿಕೊಳ್ಳುವವರು, ಇದ್ದರು. ಉಪಾಧ್ಯಾಯರೂ ಆರು ಮಂದಿ, ಗ್ರಂಥಪಾಲಕರೂ ಆರು ಮಂದಿ! ಇಂದಿನ ಯಾವ ಕಾಲೇಜಿನಲ್ಲಿ ಈ ಪ್ರಮಾಣವನ್ನು ಕಾಣಬಹುದೆಂದು ವಾಚಕರೇ ಯೋಚಿಸಬೇಕು.

ಇವೆಲ್ಲಕ್ಕಿಂತ ಪೂರ್ಣವಾದ ಚಿತ್ರ ದೊರೆಯುವುದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಶೈವರದು. 1162ರಲ್ಲಿ ಕಳಚುರಿ ಬಿಜ್ಜಳನು ದಕ್ಷಿಣದ ಪ್ರಾಂತಗಳನ್ನು ನೋಡಲು ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಾಗ ಮಠಾಧಿಪತಿ ವಾಮಶಕ್ತಿ ಪಂಡಿತರಿಗೆ ದತ್ತಿಯನ್ನು ಬಿಟ್ಟನು. ಆ ಸಂದರ್ಭದ ಶಾಸನವು ಮಠದ ವರ್ಣನೆಯ ನೆಪದಲ್ಲಿ ಒಂದು ಪಠ್ಯಕ್ರಮವನ್ನೇ ನಮ್ಮ ಮುಂದೆ ಬಿಚ್ಚಿಡುತ್ತದೆ. ಸಾಂಗವಾದ ನಾಲ್ಕು ವೇದಗಳ ಅಧ್ಯಯನ ಅಲ್ಲಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಡನೆ ಬೌದ್ಧದರ್ಶನವನ್ನೂ ಹೇಳಿಕೊಡುತ್ತಿದ್ದರು. ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳು ಪಟ್ಟಿಯಲ್ಲಿವೆ.

ಇಲ್ಲಿ ಗಮನಾರ್ಹವಾದ ಸಂಗತಿಗಳು ಎರಡು. ಶೈವಮಠದಲ್ಲಿ ಬೌದ್ಧದರ್ಶನಕ್ಕೂ, ಜೈನ ವಿದ್ವಾಂಸನಾದ ಶಾಕಟಾಯನನ ವ್ಯಾಕರಣಕ್ಕೂ ಸ್ಥಾನವಿತ್ತೆಂಬುದು ಒಂದು. ಪಟ್ಟಿ ಶಾಸ್ತ್ರಗಳ ಬಳಿ ನಿಲ್ಲುವುದಿಲ್ಲವೆಂಬುದು ಇನ್ನೊಂದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನವಿಕ್ಕುವ ಸ್ಥಾನ, ಹಾಡುವವರೂ ವಾದ್ಯ ನುಡಿಸುವವರೂ ನರ್ತಿಸುವವರೂ ಆಶ್ರಯ ಪಡೆಯುವ ಸ್ಥಾನ, ನಾನಾ ಪಂಥಗಳ ಸಂನ್ಯಾಸಿಗಳು ತಂಗುವ ಸ್ಥಾನ, ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನ ಎಂದು ಅದೇ ಉಸಿರಿನಲ್ಲಿ ಶಾಸನ ಮುಂದುವರಿಯುತ್ತದೆ. ವೈಯಾಕರಣನು ಸೂತ್ರವನ್ನು ವಿವರಿಸುತ್ತಿದ್ದ ಅಂಗಳದಲ್ಲಿಯೇ ವೈದ್ಯನು ನಾಡಿ ನೋಡುತ್ತಿದ್ದನು, ಪಕ್ಕದಲ್ಲಿ ಹಸಿದವನಿಗೆ ಎಲೆ ಹಾಕುತ್ತಿದ್ದರು. ಶಾಸ್ತ್ರ, ಕಲೆ, ಚಿಕಿತ್ಸೆ, ದಾಸೋಹಗಳ ನಡುವೆ ಗೋಡೆಯಿರಲಿಲ್ಲ.

ಹಾಗೆಂದು ಆ ಕಾಲವನ್ನು ಬಂಗಾರದ ಕಾಲವೆಂದು ಹಾಡಿ ಸುಮ್ಮನಾಗುವುದು ಇತಿಹಾಸಕ್ಕೆ ಮಾಡುವ ನ್ಯಾಯವಲ್ಲ. ಅಗ್ರಹಾರ, ಘಟಿಕಾಸ್ಥಾನಗಳ ಬಾಗಿಲು ಬಹುಜನರಿಗೆ ಮುಚ್ಚಿತ್ತು. ಸ್ತ್ರೀಯರಿಗೂ ಶ್ರಮಜೀವಿಗಳಿಗೂ ಅಲ್ಲಿ ಪೀಠವಿರಲಿಲ್ಲ. ಕೋಡಿಯಮಠದ ಪಟ್ಟಿಯಲ್ಲಿ ವ್ಯಾಕರಣವಿದೆ, ಆದರೆ ಆ ದೇವಾಲಯವನ್ನು ಕಟ್ಟಿದ ಶಿಲ್ಪಿಯ ವಿದ್ಯೆಯಿಲ್ಲ. ಕೆರೆಯ ಏರಿಯನ್ನು ಹಾಕಿ ತೂಬನ್ನು ಇಟ್ಟ ಒಡ್ಡರ ವಿದ್ಯೆಯೂ ಇಲ್ಲ. ಅದೇ ಬಿಜ್ಜಳನ ಆಳ್ವಿಕೆಯಲ್ಲಿ, ಅದೇ ದಶಕದಲ್ಲಿ, ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದವರಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ವೈದ್ಯ ಸಂಗಣ್ಣ, ಆಯ್ದಕ್ಕಿ ಲಕ್ಕಮ್ಮ ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಬಟ್ಟೆ ಮಡಿಮಾಡುವ, ದೋಣಿ ನಡೆಸುವ, ಹಗ್ಗ ಹೊಸೆಯುವ ಕೈಗಳ ಅನುಭವವೂ ಜ್ಞಾನವೇ ಎಂದೂ, ಅದನ್ನು ಕನ್ನಡದಲ್ಲಿ ನುಡಿಯಬಹುದೆಂದೂ ಅವರು ತೋರಿಸಿದರು. ಹನ್ನೆರಡನೆಯ ಶತಮಾನದ ಕನ್ನಡನಾಡು ಹೀಗೆ ಏಕಕಾಲದಲ್ಲಿ ಎರಡು ಮಾದರಿಗಳನ್ನು ಮುಂದಿಟ್ಟಿತು. ಒಂದರಲ್ಲಿ ವಿಷಯಗಳ ವಿಸ್ತಾರವಿತ್ತು, ಇನ್ನೊಂದರಲ್ಲಿ ಪ್ರವೇಶದ ಔದಾರ್ಯವಿತ್ತು. ಎರಡನ್ನೂ ಕೂಡಿಸುವ ಕೆಲಸ ಉಳಿದುಹೋಯಿತು.

ಒಂದು ಪದದ ಕಥೆ

ಇಂದಿನ ನಮ್ಮ ವಿಶ್ವವಿದ್ಯಾಲಯಗಳು ಘಟಿಕಾಸ್ಥಾನಗಳಿಂದ ಹುಟ್ಟಿದವಲ್ಲ. ಅವುಗಳ ಮೂಲ ಮಧ್ಯಯುಗದ ಯೂರೋಪಿನಲ್ಲಿದೆ. ಪರಂಪರೆಯು 1088ರಲ್ಲಿ ಹುಟ್ಟಿತೆಂದು ಹೇಳುವ ಇಟಲಿಯ ಬೊಲೋನ್ಯ, ಅನಂತರದ ಪ್ಯಾರಿಸ್ ಮತ್ತು ಆಕ್ಸ್‌ಫರ್ಡ್‌ಗಳೇ ಆದಿಪೀಠಗಳು. 'ಯೂನಿವರ್ಸಿಟಾಸ್' ಎಂಬ ಲ್ಯಾಟಿನ್ ಪದಕ್ಕೆ ಮೊದಲಿದ್ದ ಅರ್ಥ ಸಕಲವಿದ್ಯೆಗಳ ಆಲಯವೆಂದಲ್ಲ, ಸಂಘ ಅಥವಾ ಶ್ರೇಣಿ ಎಂದು. ನೇಕಾರರಿಗೆ, ಬಡಗಿಗಳಿಗೆ ಸಂಘವಿದ್ದಂತೆ ಗುರುಗಳು ಮತ್ತು ವಿದ್ಯಾರ್ಥಿಗಳು ಕಟ್ಟಿಕೊಂಡ ಸಂಘವದು. ನಮ್ಮವರು ಆ ಪದಕ್ಕೆ 'ವಿಶ್ವವಿದ್ಯಾಲಯ' ಎಂಬ ರೂಪವನ್ನು ಕೊಟ್ಟಾಗ ಮೂಲದಲ್ಲಿಲ್ಲದ ಒಂದು ದೊಡ್ಡ ಅರ್ಥ ಅದಕ್ಕೆ ಕೂಡಿಬಂದಿತು. ವಿಶ್ವದ ವಿದ್ಯೆಗಳೆಲ್ಲ ಒಂದೆಡೆ ನೆಲೆಸಬೇಕೆಂಬ ಆ ಅರ್ಥವು ಭಾಷಾಂತರದ ತಪ್ಪಾಗಿದ್ದರೂ ಆದರ್ಶದ ದೃಷ್ಟಿಯಿಂದ ಸರಿಯಾದುದೇ.

ಅಲ್ಲಿಯ ಪಠ್ಯಕ್ರಮವು ವ್ಯಾಕರಣ, ಅಲಂಕಾರ, ತರ್ಕ ಎಂಬ ಮೂರು, ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ ಎಂಬ ನಾಲ್ಕು, ಒಟ್ಟು ಏಳು ವಿದ್ಯೆಗಳಿಂದ ಆರಂಭವಾಗುತ್ತಿತ್ತು. ಇವುಗಳನ್ನು ಮುಗಿಸಿದವನು ದೇವತಾಶಾಸ್ತ್ರ, ನ್ಯಾಯಶಾಸ್ತ್ರ, ವೈದ್ಯಗಳಲ್ಲಿ ಒಂದನ್ನು ಹಿಡಿಯಬಹುದಾಗಿತ್ತು. ವೈದ್ಯನಾಗುವವನೂ ಮೊದಲು ತರ್ಕವನ್ನೂ ಸಂಗೀತಶಾಸ್ತ್ರವನ್ನೂ ಓದಬೇಕಾಗಿತ್ತೆಂಬುದು ಇಂದು ವಿಚಿತ್ರವಾಗಿ ಕಾಣಬಹುದು. 1810ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವು ಬೋಧನೆಯೊಡನೆ ಸಂಶೋಧನೆಯನ್ನು ಜೋಡಿಸಿತು. ಒಬ್ಬ ಪ್ರಾಧ್ಯಾಪಕ, ಒಂದು ವಿಷಯ, ಒಂದು ಪ್ರಯೋಗಶಾಲೆ ಎಂಬ ವ್ಯವಸ್ಥೆ ಬಲಗೊಂಡಿತು. ಜ್ಞಾನದ ಆಳ ಹೆಚ್ಚಿತು, ಅದರ ಜೊತೆಗೇ ವಿಷಯಗಳ ನಡುವಣ ಬೇಲಿಯೂ ಎತ್ತರವಾಯಿತು.

ಭಾರತಕ್ಕೆ ಬಂದದ್ದು ಇವೆರಡೂ ಅಲ್ಲ, ಲಂಡನ್ನಿನ ಮಾದರಿ. 1854ರ ವುಡ್ಸ್ ನಿರೂಪದ ಮೇರೆಗೆ 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಮೊದಲಿಗೆ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಕಾಲೇಜುಗಳನ್ನು ಸಂಯೋಜನೆಗೊಳಿಸಿ, ಪರೀಕ್ಷೆ ನಡೆಸಿ, ಪದವಿ ಕೊಡುವುದು ಅವುಗಳ ಕೆಲಸ. ತತ್ಪರಿಣಾಮವಾಗಿ ಪಠ್ಯಕ್ರಮವೆಂದರೆ ಗುರುವು ಅರಿತದ್ದಲ್ಲ, ಪರೀಕ್ಷೆಗೆ ಬರುವುದು ಎಂಬ ಭಾವನೆ ಬೇರೂರಿತು. ಈ ಭಾವನೆಯಿಂದ ನಾವು ಇಂದಿಗೂ ಬಿಡಿಸಿಕೊಂಡಿಲ್ಲ. ದೇಶಭಾಷೆಗಳಿಗಂತೂ ಪದವಿಯ ಮೆಟ್ಟಿಲ ಬಳಿಯೂ ಜಾಗವಿರಲಿಲ್ಲ. ಬೊಂಬಾಯಿಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಅವುಗಳಿಗಾಗಿ ದೀರ್ಘಕಾಲ ಹೋರಾಡಬೇಕಾಯಿತು.

ಕನ್ನಡನಾಡಿನ ಪೀಠಗಳು

ಆಗ ಕನ್ನಡನಾಡು ಹರಿದು ಹಂಚಿಹೋಗಿತ್ತು. ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸನ್ನೂ, ಧಾರವಾಡ, ಬೆಳಗಾವಿಗಳ ಕಡೆಯವರು ಬೊಂಬಾಯಿಯನ್ನೂ ನೋಡುತ್ತಿದ್ದರು. ಕಲಬುರಗಿ, ಬೀದರ್, ರಾಯಚೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದುವು. ಈ ಮೂರು ದಿಕ್ಕುಗಳಲ್ಲಿ ನಡೆದ ಮೂರು ಪ್ರಯೋಗಗಳು ಸ್ಮರಣೀಯವಾಗಿವೆ.

ಮೊದಲನೆಯದು ಮೈಸೂರು. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯವು ದೇಶೀಯ ಸಂಸ್ಥಾನವೊಂದರ ಪ್ರಥಮ ವಿಶ್ವವಿದ್ಯಾಲಯ. ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕಲಾವಿಷಯಗಳು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ವಿಷಯಗಳು ಎಂದು ಕೆಲಸ ಹಂಚಿಕೆಯಾಯಿತು. 1917ರಲ್ಲಿ ಎಂಜಿನಿಯರಿಂಗ್, 1924ರಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು. ಮಹಾರಾಜಾ ಕಾಲೇಜಿನಲ್ಲಿ ರಾಧಾಕೃಷ್ಣನ್, ಹಿರಿಯಣ್ಣ, ಎ. ಆರ್. ವಾಡಿಯಾ ಅಂಥವರು ಪಾಠ ಹೇಳಿದರು. ತತ್ತ್ವಶಾಸ್ತ್ರ, ಗಣಿತ, ಸಾಹಿತ್ಯಗಳೆಲ್ಲದರಲ್ಲಿಯೂ ಪ್ರವೇಶವಿದ್ದ ಬ್ರಜೇಂದ್ರನಾಥ ಸೀಲರು ಇಪ್ಪತ್ತರ ದಶಕದಲ್ಲಿ ಕುಲಪತಿಗಳಾಗಿದ್ದುದು ಆ ವಿಶ್ವವಿದ್ಯಾಲಯದ ಭಾಗ್ಯ. ಆದರೂ ಕನ್ನಡದಲ್ಲಿ ಎಂ.ಎ. ತರಗತಿ ಆರಂಭವಾಗಲು 1927ರವರೆಗೆ ಕಾಯಬೇಕಾಯಿತು. ಕನ್ನಡಿಗರ ದುಡ್ಡಿನಿಂದ ನಡೆಯುವ ವಿಶ್ವವಿದ್ಯಾಲಯದಲ್ಲಿ ಕನ್ನಡವು ಸ್ನಾತಕೋತ್ತರ ವಿಷಯವಾಗಲು ಹನ್ನೊಂದು ವರ್ಷ ಹಿಡಿಯಿತು! ಆ ತರಗತಿಯಲ್ಲಿ ಟಿ. ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿದ್ದು 1929ರಲ್ಲಿ ಪದವಿ ಪಡೆದ ಕೆ. ವಿ. ಪುಟ್ಟಪ್ಪನವರು ಮುಂದೆ 1956ರಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಗಳಾದರು. 1960ರಲ್ಲಿ ಅವರು ಸ್ನಾತಕೋತ್ತರ ವಿಭಾಗಗಳಿಗೆಲ್ಲ ಒಂದೇ ನೆಲೆಯನ್ನು ಕಲ್ಪಿಸಿ ಅದನ್ನು ಮಾನಸಗಂಗೋತ್ರಿ ಎಂದು ಕರೆದರು. 1946ರ ಇಂಗ್ಲಿಷ್-ಕನ್ನಡ ನಿಘಂಟು, 1969ರಿಂದ ಹೊರಬಂದ ಕನ್ನಡ ವಿಶ್ವಕೋಶದ ಸಂಪುಟಗಳು ಎಲ್ಲ ಶಾಸ್ತ್ರಗಳಿಗೂ ಕನ್ನಡದ ಬಾಗಿಲನ್ನು ತೆರೆದವು.

ಎರಡನೆಯದು ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಆರಂಭವಾದ ಆ ವಿಶ್ವವಿದ್ಯಾಲಯವು ಉರ್ದು ಭಾಷೆಯಲ್ಲಿಯೇ ಉನ್ನತ ಶಿಕ್ಷಣವನ್ನು ಕೊಡಲು ಹೊರಟಿತು. ಅದಕ್ಕೆಂದೇ ಅನುವಾದ ಸಂಸ್ಥೆಯನ್ನು ಸ್ಥಾಪಿಸಿ ವಿಜ್ಞಾನ, ವೈದ್ಯ, ಎಂಜಿನಿಯರಿಂಗ್ ಗ್ರಂಥಗಳನ್ನು ಉರ್ದುವಿಗೆ ತಂದರು. ಭಾರತೀಯ ಭಾಷೆಯಲ್ಲಿ ವೈದ್ಯವಿಜ್ಞಾನವನ್ನು ಹೇಳಲಾಗದೆಂಬ ಮಾತನ್ನು ಅದು ಕಾರ್ಯದಿಂದಲೇ ಸುಳ್ಳುಮಾಡಿತು. ಆದರೆ ಕಲಬುರಗಿಯ ಹಳ್ಳಿಯಲ್ಲಿ ಕನ್ನಡವನ್ನಾಡುವ ಮನೆಯ ಹುಡುಗನಿಗೆ ಇಂಗ್ಲಿಷಿನ ಜಾಗದಲ್ಲಿ ಉರ್ದು ಬಂದಿತೇ ಹೊರತು ತನ್ನ ಮಾತು ಬರಲಿಲ್ಲ. ಒಂದೇ ಪ್ರಯೋಗದಲ್ಲಿ ಭರವಸೆಯೂ ಎಚ್ಚರಿಕೆಯೂ ನಮಗೆ ದೊರೆಯುತ್ತವೆ.

ಮೂರನೆಯದು ಧಾರವಾಡ. 1917ರಲ್ಲಿ ಕರ್ನಾಟಕ ಕಾಲೇಜು, 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು, 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿ ನೆಲ ಹದವಾದ ಮೇಲೆ 1949ರ ಶಾಸನದಿಂದ ಕರ್ನಾಟಕ ವಿಶ್ವವಿದ್ಯಾಲಯ ಮೊದಲು ಮುಂಬಯಿಯಲ್ಲಿ ಆರಂಭವಾಗಿ, 1950ರಲ್ಲಿ ಧಾರವಾಡಕ್ಕೆ ಬಂದಿತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿದವರು. ಬರಡು ಗುಡ್ಡದ ಮೇಲೆ ವಿಜ್ಞಾನ, ಕಲೆ, ಭಾಷೆಗಳ ವಿಭಾಗಗಳನ್ನು ಒಂದರ ಪಕ್ಕದಲ್ಲೊಂದು ಕಟ್ಟಿಸಿದರು. ಆ ಪೀಠಗಳವರೆಗೆ ಬಡ ರೈತನ ಮಗ ತಲುಪಲು ಸಾಧ್ಯವಾದುದು ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಮೊದಲಾದ ಕಡೆಗಳ ಉಚಿತ ಪ್ರಸಾದನಿಲಯಗಳಿಂದ ಎಂಬುದನ್ನೂ ಇಲ್ಲಿ ಹೇಳದಿರಲಾಗದು. ಕೋಡಿಯಮಠದ ಶಾಸನದಲ್ಲಿ ಒಂದೇ ಉಸಿರಿನಲ್ಲಿ ಬರುವ ಅನ್ನ ಮತ್ತು ಅಧ್ಯಯನಗಳು ಎಂಟು ಶತಮಾನಗಳ ಮೇಲೆ ಹೀಗೆ ಮತ್ತೆ ಕೂಡಿಕೊಂಡವು. ಈ ಬಾರಿ ಅಧ್ಯಯನದ ಬಾಗಿಲು ದೊಡ್ಡದಾಗಿ ತೆರೆದಿತ್ತು.

ಕೂಡಿದ್ದು ಮತ್ತೆ ಬೇರೆಯಾದುದು

ಆಮೇಲಿನ ಕಥೆ ವಿಸ್ತಾರದ್ದು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಮತ್ತು ಗುಲ್ಬರ್ಗ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಗಳು ಬಂದವು. ಇವು ಪ್ರದೇಶದ ಅಗತ್ಯದಿಂದ ಹುಟ್ಟಿದವು. ಇದರ ಜೊತೆಗೆ ಇನ್ನೊಂದು ಬಗೆಯ ವಿಂಗಡಣೆಯೂ ನಡೆಯಿತು. 1964ರಲ್ಲಿಯೇ ಕೃಷಿಗೆ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. 1991ರಲ್ಲಿ ಹಂಪಿಯಲ್ಲಿ ಕನ್ನಡಕ್ಕೆ, 1996ರಲ್ಲಿ ಆರೋಗ್ಯ ವಿಜ್ಞಾನಗಳಿಗೆ, 1998ರಲ್ಲಿ ಬೆಳಗಾವಿಯಲ್ಲಿ ತಾಂತ್ರಿಕ ಶಿಕ್ಷಣಕ್ಕೆ, 2009ರಲ್ಲಿ ಹುಬ್ಬಳ್ಳಿಯಲ್ಲಿ ಕಾನೂನಿಗೆ, 2011ರಲ್ಲಿ ಜಾನಪದಕ್ಕೆ ಬೇರೆಬೇರೆ ವಿಶ್ವವಿದ್ಯಾಲಯಗಳು ಸ್ಥಾಪಿತವಾದವು. ಇದರಿಂದ ಆದ ಲಾಭವನ್ನು ಅಲ್ಲಗಳೆಯಲಾಗದು. ನೂರಾರು ಕಾಲೇಜುಗಳ ಪರೀಕ್ಷೆಗಳು ಒಂದು ಕ್ರಮಕ್ಕೆ ಬಂದವು. ಹಳೆಯ ವಿಶ್ವವಿದ್ಯಾಲಯಗಳ ಮೂಲೆಯಲ್ಲಿ ಸೊರಗುತ್ತಿದ್ದ ಜಾನಪದದಂಥ ವಿಷಯಗಳಿಗೆ ಸ್ವಂತ ಮನೆ ಸಿಕ್ಕಿತು.

ನಷ್ಟವನ್ನೂ ಲೆಕ್ಕಹಾಕಬೇಕು. ವೈದ್ಯನಾಗುವವನು ತತ್ತ್ವಶಾಸ್ತ್ರದ ವಿದ್ಯಾರ್ಥಿಯನ್ನು ಹಾಸ್ಟೆಲಿನ ಊಟದ ಸಾಲಿನಲ್ಲಿಯೂ ಕಾಣದಂತಾಯಿತು. ಸೇತುವೆ ಕಟ್ಟುವವನಿಗೆ ಆ ನದಿಯ ದಂಡೆಯ ಜನರ ಇತಿಹಾಸವನ್ನು ಹೇಳುವವರು ಇಲ್ಲವಾದರು. ವಿಶ್ವವಿದ್ಯಾಲಯವೆಂಬ ಹೆಸರು ಉಳಿದು, ಏಕವಿದ್ಯಾಲಯಗಳು ಬೆಳೆದವು. ಈ ಪ್ರವೃತ್ತಿ ಹೊಸದೇನೂ ಅಲ್ಲ. ಜಮಶೇಟ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಯ ಮೊದಲ ಕರಡಿನಲ್ಲಿ ವೈದ್ಯ ಮತ್ತು ವಿಜ್ಞಾನಗಳ ಜೊತೆಗೆ ತತ್ತ್ವಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರಗಳಿಗೂ ಸ್ಥಾನವಿತ್ತು. 1911ರಲ್ಲಿ ಬೆಂಗಳೂರಿನಲ್ಲಿ ಪಾಠ ಆರಂಭವಾಗುವ ವೇಳೆಗೆ ಅವು ಬಿಟ್ಟುಹೋಗಿದ್ದವು. 1948-49ರ ರಾಧಾಕೃಷ್ಣನ್ ಆಯೋಗವು ಪ್ರತಿಯೊಬ್ಬ ವಿದ್ಯಾರ್ಥಿಗೂ ವಿಶೇಷ ವಿಷಯದೊಡನೆ ಸಾಮಾನ್ಯ ಶಿಕ್ಷಣವೂ ಬೇಕೆಂದು ಸೂಚಿಸಿತು. ಅದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು.

ನಮ್ಮ ನಾಡಿನ ಪದವಿ ತರಗತಿಗಳಲ್ಲಿ ಮೂರು ಐಚ್ಛಿಕ ವಿಷಯಗಳನ್ನು ಸಮವಾಗಿ ಓದುವ ಒಳ್ಳೆಯ ಪದ್ಧತಿಯೊಂದು ಬಹುಕಾಲದಿಂದ ಇದೆ. ಆದರೆ ಆ ಮೂರೂ ಒಂದೇ ಕೇರಿಯವು. ಪಿ.ಸಿ.ಎಂ., ಸಿ.ಬಿ.ಝಡ್., ಎಚ್.ಇ.ಪಿ. ಎಂಬ ಅಕ್ಷರಗಳಿಂದಲೇ ಹುಡುಗರನ್ನು ಗುರುತಿಸುವಂತಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ವಿಜ್ಞಾನದ ವಿದ್ಯಾರ್ಥಿಯು ಕಲಾವಿಷಯವೊಂದನ್ನು ಮುಕ್ತವಾಗಿ ಆರಿಸಿಕೊಳ್ಳುವ ಅವಕಾಶ ಅದರಲ್ಲಿತ್ತು. 2024ರಲ್ಲಿ ರಾಜ್ಯವು ನಾಲ್ಕು ವರ್ಷದ ಆ ಕ್ರಮವನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಯಾವುದು ಮೇಲೆಂಬ ರಾಜಕೀಯ ವಾದ ನಮಗೆ ಬೇಡ. ಮೂರು ವರ್ಷಗಳ ಅಂತರದಲ್ಲಿ ಎರಡು ಬಾರಿ ಪಠ್ಯಕ್ರಮ ಬದಲಾದಾಗ ಗೊಂದಲ ಅನುಭವಿಸಿದವನು ಹಳ್ಳಿಯ ಕಾಲೇಜಿನ ಹುಡುಗ ಎಂಬುದನ್ನು ಮಾತ್ರ ಹೇಳಬೇಕಾಗಿದೆ. ಪಟ್ಟಿಯಲ್ಲಿ ಹತ್ತು ಆಯ್ಕೆಗಳಿದ್ದರೇನು, ಅವನ ಕಾಲೇಜಿನಲ್ಲಿ ಪಾಠ ಹೇಳುವವರು ಇದ್ದುದು ಎರಡಕ್ಕೆ ಮಾತ್ರ.

ನಾವು ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕಲಿತು, ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗಿ ತತ್ತ್ವಶಾಸ್ತ್ರವನ್ನು ಓದಿದವರು. ಪಾಠಶಾಲೆಯ ಗುರುಗಳು ತರ್ಕವನ್ನು ಬಾಯಿಪಾಠ ಮಾಡಿಸಿದರು, ವಿಶ್ವವಿದ್ಯಾಲಯದ ಗುರುಗಳು ಅದೇ ತರ್ಕವನ್ನು ಪ್ರಶ್ನಿಸಲು ಕಲಿಸಿದರು. ಎರಡರ ಋಣವೂ ನಮ್ಮ ಮೇಲಿದೆ. ನಾವು ಪದವಿಗಾಗಿ ಓದಿದ ಕಾಲೇಜಿನಲ್ಲಿ ಇಂದು ತತ್ತ್ವಶಾಸ್ತ್ರ ವಿಭಾಗವಿಲ್ಲ. ವಿದ್ಯಾರ್ಥಿಗಳು ಸೇರಲಿಲ್ಲವಾಗಿ ಮುಚ್ಚಿತೆಂದು ಹೇಳಿದರು. ಒಮ್ಮೆ ಅಲ್ಲಿಗೆ ಹೋದಾಗ ನಾವು ಕುಳಿತಿದ್ದ ಕೊಠಡಿಯಲ್ಲಿ ಹಳೆಯ ಬೆಂಚುಗಳನ್ನು ಪೇರಿಸಿದ್ದರು. ಯಾರನ್ನೂ ದೂಷಿಸುವ ಮಾತಲ್ಲ ಇದು. ವಿದ್ಯೆಯನ್ನು ವಿದ್ಯಾರ್ಥಿಗಳ ತಲೆಯೆಣಿಕೆಯಿಂದ ಅಳೆಯಹೊರಟರೆ ಮೊದಲು ಆರುವುದು ಕೌಟಿಲ್ಯನು ಉಳಿದವಕ್ಕೆಲ್ಲ ಬೆಳಕೆಂದು ಭಾವಿಸಿದ ಆ ವಿದ್ಯೆಯೇ. ಅದರ ಹಿಂದೆಯೇ ಹಳಗನ್ನಡ, ಲಿಪಿಶಾಸ್ತ್ರ, ಶಾಸನಶಾಸ್ತ್ರಗಳೂ ಹೋಗುತ್ತವೆ. ಕೋಡಿಯಮಠದ ಶಾಸನವನ್ನು ಕಲ್ಲಿನ ಮೇಲೆ ನೇರವಾಗಿ ಓದಬಲ್ಲವರು ಒಂದು ತಲೆಮಾರಿನಲ್ಲಿ ಇಲ್ಲವಾದರೆ, ಅಲ್ಲಿ ಏನಿತ್ತೆಂದು ಹೇಳುವವರಾರು?

ಬಳ್ಳಿಗಾವೆಯಲ್ಲಿ ಇಂದು ಮಠವಿಲ್ಲ, ಉಪಾಧ್ಯಾಯರಿಲ್ಲ. ಕೇದಾರೇಶ್ವರ ದೇವಾಲಯ ನಿಂತಿದೆ, ಶಾಸನ ಉಳಿದಿದೆ. ಆ ಸಾಲುಗಳಿಂದ ಅಂದಿನ ಜನ ಮನುಷ್ಯನಿಗೆ ಏನೇನು ಬೇಕೆಂದು ಎಣಿಸಿದ್ದರೆಂಬುದು ನಮಗೆ ತಿಳಿಯುತ್ತದೆ. ಅನ್ನ ಬೇಕು, ಔಷಧ ಬೇಕು, ಹಾಡು ಬೇಕು, ತರ್ಕ ಬೇಕು, ತನ್ನದಲ್ಲದ ದರ್ಶನದ ಅರಿವೂ ಬೇಕು. ಇಂದಿನ ನಮ್ಮ ಕೋರ್ಸುಗಳ ಪಟ್ಟಿ ಎಂಟುನೂರು ವರ್ಷಗಳ ಮೇಲೆ ಯಾರ ಕೈಗಾದರೂ ಸಿಕ್ಕಿದರೆ, ನಮ್ಮ ಬಗ್ಗೆ ಅವರು ಏನೆಂದು ತಿಳಿದಾರು?

ಆದಕಾರಣ, ಮಗನನ್ನು ಕರೆತಂದು ಯಾವ ಕೋರ್ಸು ಎಂದು ಕೇಳುವ ತಂದೆತಾಯಿಗಳಿಗೆ ನಾವು ಹೇಳುವುದು ಇಷ್ಟೆ. ಹೊಟ್ಟೆಪಾಡಿನ ವಿದ್ಯೆಯನ್ನು ಅವಶ್ಯವಾಗಿ ಕೊಡಿಸಿರಿ, ಅದು ವಾರ್ತೆ, ಅದಕ್ಕೆ ನಮ್ಮ ಹಿರಿಯರೂ ಸ್ಥಾನ ಕೊಟ್ಟಿದ್ದಾರೆ. ಅದರ ಜೊತೆಗೆ ಅವನು ಇಷ್ಟಪಡುವ ಬೇರೊಂದು ವಿದ್ಯೆಯೂ ಅವನ ಕೈಯಲ್ಲಿರಲಿ. ಮಗಳಿಗೂ ಇದೇ ಮಾತು. ಊರಿನ ಕಾಲೇಜಿನಲ್ಲಿ ಚಿಕ್ಕ ವಿಭಾಗವೊಂದು ಮುಚ್ಚುವ ಸುದ್ದಿ ಬಂದರೆ ಊರ ಹಿರಿಯರು ಹೋಗಿ ಒಂದು ಮಾತು ಕೇಳಲಿ. ದತ್ತಿ ಕೊಡುವ ಶಕ್ತಿಯುಳ್ಳವರು ಅಂಥ ವಿಷಯಕ್ಕೆ ದತ್ತಿ ಕೊಡಲಿ. ನಾಗಾವಿಯಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರಿಗೆ ಜೀವನವನ್ನು ಕಲ್ಪಿಸಿದವರೂ ದಾನಿಗಳೇ ಆಗಿದ್ದರು.